ಉಸ್ತಾದ್ ಮನ್ಸೂರ್: ಹಕ್ಕಿಯ ಗರಿ ಗರಿಯನ್ನೂ ಕಾಗದಕ್ಕಿಳಿಸಿದ ಚಿತ್ರಕಾರ

ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸು ಹಾಸನ, ಕುಣಿಗಲ್ ದಾಟಿ ಸೋಲೂರಿಗೆ ಬರುವಾಗ ನಮ್ಮವರಲ್ಲಿ ಹೆಚ್ಚಿನವರು ನಿದ್ದೆಯಲ್ಲಿರುತ್ತಾರೆ. ಎದ್ದವರೂ ನೆಲಮಂಗಲ ಬಂತಾ ಎಂದು ನೋಡುತ್ತಾರೆಯೇ ಹೊರತು ಸೋಲೂರನ್ನು ನೋಡುವುದಿಲ್ಲ. ಆದರೆ ಆ ಊರಿನಿಂದ ಬಲಕ್ಕೆ ತಿರುಗಿದರೆ ಬೇರೆಯೇ ಒಂದು ಲೋಕ ಉಂಟು. ಮಾಗಡಿ, ಅದರಾಚೆ ಸಾವನದುರ್ಗ, ಇನ್ನೂ ಮುಂದೆ ರಾಮನಗರ. ಎಲ್ಲಿ ನೋಡಿದರೂ ಬೃಹತ್ ಬಂಡೆ. ಶೋಲೆ ಸಿನಿಮಾ ನೋಡಿದವರಿಗೆ ಈ ಬಂಡೆಗಳನ್ನು ಬೇರೆ ಪರಿಚಯಿಸಬೇಕಾಗಿಲ್ಲ.

ಈ ಬಂಡೆಗಳ ಕಡಿದಾದ ಗೋಡೆಯಲ್ಲಿ ಉದ್ದ ಕೊಕ್ಕಿನ ರಣಹದ್ದು ಗೂಡು ಮಾಡುತ್ತದೆ. ಒಂದು ಕಾಲದಲ್ಲಿ ಸತ್ತ ದನ ಬಿದ್ದಲ್ಲೆಲ್ಲ ಕಾಣುತ್ತಿದ್ದ ಹಕ್ಕಿ ಇದು. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಮದ್ದು ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು, ನೂರರಲ್ಲಿ ತೊಂಬತ್ತಕ್ಕಿಂತಲೂ ಹೆಚ್ಚು ಸತ್ತುಹೋದವು. 2006ರಲ್ಲಿ ಜಾನುವಾರುಗಳಿಗೆ ಆ ಮದ್ದು ಕೊಡುವುದನ್ನು ನಿಷೇಧಿಸಲಾಯಿತು. 2012ರಲ್ಲಿ ರಾಮದೇವರ ಬೆಟ್ಟವನ್ನು ರಣಹದ್ದುಗಳ ಧಾಮ ಎಂದು ಸರಕಾರ ಘೋಷಿಸಿತು. ಈಗ ಅಲ್ಲಿ ಉಳಿದಿರುವುದು ಬೆರಳೆಣಿಕೆಯ ಹಕ್ಕಿಗಳು.

ಇದೇ ಉದ್ದ ಕೊಕ್ಕಿನ ರಣಹದ್ದಿನ ಒಂದು ಚಿತ್ರ ಅಮೆರಿಕದ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಸುಮಾರು 1615ರಿಂದ 1620ರ ನಡುವೆ ಬರೆದದ್ದು, ಅಂದರೆ ನಾಲ್ಕು ನೂರು ವರ್ಷ ಹಳೆಯದು. ಜೊತೆಯಲ್ಲಿ ಕೆಂಪು ತಲೆಯ ಇನ್ನೊಂದು ರಣಹದ್ದು ಕುಳಿತಿದೆ. ಬೋಳು ತಲೆ, ಕುತ್ತಿಗೆಯ ಸುಕ್ಕು, ಕೊಕ್ಕಿನ ಬಾಗು, ರೆಕ್ಕೆಯಲ್ಲಿ ಒಂದರ ಮೇಲೊಂದು ಕುಳಿತ ಗರಿಗಳು, ಯಾವುದನ್ನೂ ಬಿಟ್ಟಿಲ್ಲ. ಯುರೋಪಿನ ವಿಜ್ಞಾನಿಗಳು ಈ ಎರಡೂ ಹಕ್ಕಿಗಳಿಗೆ ಲ್ಯಾಟಿನ್ ಹೆಸರು ಕೊಟ್ಟು ಪುಸ್ತಕಕ್ಕೆ ಸೇರಿಸಿದ್ದು 1786ರಲ್ಲಿ. ಅದಕ್ಕಿಂತ ಒಂದೂವರೆ ಶತಮಾನಕ್ಕೂ ಮೊದಲೇ ಅವನ್ನು ಇಷ್ಟು ಸರಿಯಾಗಿ ಕಂಡು ಬರೆದವರು ಮೊಗಲ್ ಆಸ್ಥಾನದ ಉಸ್ತಾದ್ ಮನ್ಸೂರ್.

ನಮ್ಮ ಮನೆಗಳಲ್ಲಿ ಉಸ್ತಾದ್ ಅಂದರೆ ಮದ್ರಸದಲ್ಲಿ ಓದಿಸುವವರು. ಆದರೆ ಪಾರ್ಸಿ ಭಾಷೆಯ ಆಸ್ಥಾನದಲ್ಲಿ ಯಾವುದೇ ಕಸುಬಿನಲ್ಲಿ ಪಳಗಿ ಗುರುವಿನ ಸ್ಥಾನಕ್ಕೆ ಏರಿದವನಿಗೂ ಅದೇ ಹೆಸರು. ಬಡಗಿ, ಕಮ್ಮಾರ, ಸಂಗೀತಗಾರ, ಚಿತ್ರಕಾರ, ಎಲ್ಲರಲ್ಲೂ ಉಸ್ತಾದರಿದ್ದರು. ಮನ್ಸೂರ್ ಅಂತಹ ಒಬ್ಬ ಉಸ್ತಾದ್.

ಅವರು ಎಲ್ಲಿ ಹುಟ್ಟಿದರು, ಯಾರ ಮಗ, ಮದುವೆಯಾಗಿತ್ತೇ, ಮಕ್ಕಳಿದ್ದರೇ, ಇದೊಂದನ್ನೂ ಯಾವ ಇತಿಹಾಸಕಾರನೂ ಬರೆದಿಟ್ಟಿಲ್ಲ. ಬಾದಶಹನ ಆನೆಗಳ ಹೆಸರೂ ದಾಖಲಾಗಿರುವ ಕಾಲದಲ್ಲಿ ಅವನ ಅತ್ಯುತ್ತಮ ಚಿತ್ರಕಾರನ ಮನೆ ಯಾವ ಗಲ್ಲಿಯಲ್ಲಿತ್ತು ಎಂಬುದು ದಾಖಲಾಗಿಲ್ಲ. ಚಿತ್ರಗಳ ಅಂಚಿನಲ್ಲಿ ಬರೆದ ಹೆಸರು ಮತ್ತು ಬಾದಶಹ ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಅಲ್ಲಲ್ಲಿ ಬರೆದ ನಾಲ್ಕು ಮಾತು, ಇವಿಷ್ಟೇ ಅವರ ಬದುಕಿಗೆ ಸಾಕ್ಷಿ.

ಮೊದಲು ಅವರ ಹೆಸರು ಕಾಣಿಸುವುದು ಅಕ್ಬರನ ಕಾಲದಲ್ಲಿ, 1590ರ ಆಚೀಚೆ. ಅಕ್ಬರನ ಚಿತ್ರಶಾಲೆ ಒಂದು ದೊಡ್ಡ ಕಾರ್ಖಾನೆಯ ಹಾಗೆ. ಒಂದೇ ಚಿತ್ರಕ್ಕೆ ಇಬ್ಬರು ಮೂವರು ಕೈ ಹಾಕುತ್ತಿದ್ದರು. ಹಿರಿಯ ಉಸ್ತಾದ್ ರೇಖೆ ಹಾಕಿ ಕೊಡುವುದು, ಕಿರಿಯರು ಬಣ್ಣ ತುಂಬುವುದು, ಮುಖ ಬರೆಯಲು ಬೇಕಾದರೆ ಮತ್ತೊಬ್ಬ. ಯಾರ್‍ಯಾರು ಯಾವ ಕೆಲಸ ಮಾಡಿದ್ದಾರೆ ಎಂದು ಗುಮಾಸ್ತರು ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿಡುತ್ತಿದ್ದರು. ವಾರಕ್ಕೊಮ್ಮೆ ಕೆಲಸ ಬಾದಶಹನ ಮುಂದೆ ಹೋಗಬೇಕು. ಅವನಿಗೆ ಹಿಡಿಸಿದರೆ ಇನಾಮು.

ಅಂತಹ ಕಡೆ ಮನ್ಸೂರ್ ಆಗ ಬಣ್ಣ ತುಂಬುವ ಹುಡುಗರಲ್ಲಿ ಒಬ್ಬರು. ಅಕ್ಬರ್‌ನಾಮಾದ ಪುಟಗಳಲ್ಲಿ ಅವರ ಹೆಸರು ದೊಡ್ಡ ಉಸ್ತಾದರ ಹೆಸರಿನ ಹಿಂದೆ ಬರುತ್ತದೆ. ಆದರೆ ಅದೇ ಸಮಯಕ್ಕೆ ಇನ್ನೊಂದು ಪುಸ್ತಕದ ಕೆಲಸ ಬಂತು. ಅಕ್ಬರನ ತಾತ ಬಾಬರ್ ತುರ್ಕಿ ಭಾಷೆಯಲ್ಲಿ ಬರೆದ ಆತ್ಮಕಥೆಯನ್ನು ಅಬ್ದುರ್ರಹೀಂ ಖಾನೆಖಾನಾನ್ 1589ರಲ್ಲಿ ಪಾರ್ಸಿಗೆ ಅನುವಾದಿಸಿ ಒಪ್ಪಿಸಿದ್ದರು. ಬಾಬರ್ ಹಿಂದೂಸ್ತಾನಕ್ಕೆ ಬಂದವನೇ ಇಲ್ಲಿನ ಆನೆ, ಘೇಂಡಾಮೃಗ, ನವಿಲು, ಗಿಳಿ ಎಲ್ಲವನ್ನೂ ಒಂದೊಂದಾಗಿ ವರ್ಣಿಸಿದ್ದ. ಆ ಪುಟಗಳಿಗೆ ಚಿತ್ರ ಬೇಕಾಯಿತು. ಯುದ್ಧ, ದರ್ಬಾರು ಬರೆಯಲು ಆಸ್ಥಾನದಲ್ಲಿ ಬೇಕಾದಷ್ಟು ಜನರಿದ್ದರು, ಹಕ್ಕಿ ಪ್ರಾಣಿ ಬರೆಯುವುದರಲ್ಲಿ ಮನ್ಸೂರ್ ಕೈ ಪಳಗಿತು. ಇಲ್ಲಿಂದ ಅವರ ದಾರಿ ಬೇರೆಯಾಯಿತು ಎನ್ನಬಹುದು.

1605ರಲ್ಲಿ ಅಕ್ಬರ್ ತೀರಿಕೊಂಡು ಮಗ ಸಲೀಂ ಜಹಾಂಗೀರ್ ಎಂಬ ಹೆಸರಿನಲ್ಲಿ ತಖ್ತಿಗೆ ಬಂದ. ಸಿನಿಮಾಗಳಲ್ಲಿ ಈತ ಅನಾರ್ಕಲಿಯ ಪ್ರೇಮಿ, ಕುಡುಕ. ಕುಡಿಯುತ್ತಿದ್ದದ್ದು ನಿಜ, ಅದನ್ನು ಅವನೇ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾನೆ. ಆದರೆ ಹಕ್ಕಿ, ಪ್ರಾಣಿ, ಹೂವು ಇವುಗಳ ಬಗ್ಗೆ ಅಷ್ಟು ಕುತೂಹಲವಿದ್ದ ಬಾದಶಹ ನಮ್ಮ ದೇಶದಲ್ಲಿ ಇನ್ನೊಬ್ಬನಿಲ್ಲ. ಸಾಕಿದ ಸಾರಸ ಕೊಕ್ಕರೆಯ ಒಂದು ಜೋಡಿಗೆ ಲೈಲಾ ಮಜ್ನೂ ಎಂದು ಹೆಸರಿಟ್ಟಿದ್ದ. ಅವು ಮೊಟ್ಟೆಯಿಟ್ಟಾಗ ಎಷ್ಟು ದಿನ ಕಾವು ಕೊಟ್ಟವು ಎಂದು ಲೆಕ್ಕ ಹಾಕಿಸಿ 34 ದಿನ ಎಂದು ಬರೆದಿಟ್ಟ. ರಾತ್ರಿ ಹೆಣ್ಣು ಕಾವಿಗೆ ಕೂರುತ್ತದೆ, ಗಂಡು ಪಕ್ಕದಲ್ಲಿ ನಿಂತು ಕಾಯುತ್ತದೆ ಎಂದೂ ಗಮನಿಸಿದ. ರಾಜ್ಯವಾಳುವ ದೊರೆ ಕೊಕ್ಕರೆಯ ಗೂಡಿನ ಪಕ್ಕ ಕುಳಿತು ದಿನ ಎಣಿಸುವುದೆಂದರೆ ಎಂತಹ ಮನುಷ್ಯ ಇರಬಹುದು, ನೀವೇ ಯೋಚಿಸಿ.

ಇದಕ್ಕೆ ಇನ್ನೊಂದು ಮುಖವೂ ಉಂಟು. ಇದೇ ಜಹಾಂಗೀರ್ ತನ್ನ 12ನೇ ವಯಸ್ಸಿನಿಂದ 50ರವರೆಗಿನ ಬೇಟೆಯ ಲೆಕ್ಕ ಹಾಕಿಸಿದಾಗ ಬಂದ ಒಟ್ಟು ಸಂಖ್ಯೆ 28,532. ಅದರಲ್ಲಿ 17,167 ಪ್ರಾಣಿ ಪಕ್ಷಿಗಳನ್ನು ತಾನೇ ಹೊಡೆದದ್ದು ಎಂದು ಹೆಮ್ಮೆಯಿಂದ ಬರೆದಿದ್ದಾನೆ. ಹಕ್ಕಿಯನ್ನು ಪ್ರೀತಿಸಿದವನೂ ಅವನೇ, ಕೊಂದವನೂ ಅವನೇ. ಮನ್ಸೂರ್ ಬದುಕಿದ್ದು ಇಂತಹ ಯಜಮಾನನ ಕೆಳಗೆ. ಅವರ ಮುಂದೆ ಬಂದ ಹಕ್ಕಿಗಳಲ್ಲಿ ಕೆಲವು ಪಂಜರದಲ್ಲಿದ್ದವು, ಕೆಲವು ಪ್ರಾಣ ಬಿಡುತ್ತಿದ್ದವು, ಕೆಲವು ಸತ್ತೇ ಬಂದಿರಬೇಕು.

1612ರಲ್ಲಿ ನಮ್ಮ ಕರಾವಳಿಯ ನೆರೆಯ ಗೋವಾದಿಂದ ಒಂದು ಸಂಗತಿ ಬಂತು. ಪೋರ್ಚುಗೀಸರ ಹಡಗುಗಳು ಆಗ ಪಶ್ಚಿಮ ಸಮುದ್ರವನ್ನೆಲ್ಲ ಆಳುತ್ತಿದ್ದ ಕಾಲ. ನಮ್ಮ ಹಿರಿಯರ ವ್ಯಾಪಾರವನ್ನು ಅವರು ಎಷ್ಟು ಹಾಳುಮಾಡಿದರು ಎಂಬುದು ಬೇರೆ ಕಥೆ, ಬಿಡಿ. ಗೋವಾದಲ್ಲಿ ಸಿಗುವ ಅಪರೂಪದ ವಸ್ತುಗಳನ್ನು ಹೇಳಿದ ಬೆಲೆ ಕೊಟ್ಟು ತರಲು ಜಹಾಂಗೀರ್ ತನ್ನ ಅಧಿಕಾರಿ ಮುಕರ್ರಬ್ ಖಾನನನ್ನು ಕಳುಹಿಸಿದ್ದ. ಅವನು ತಂದ ವಸ್ತುಗಳಲ್ಲಿ ಯಾರೂ ಕಂಡಿರದ ಒಂದು ದೊಡ್ಡ ಹಕ್ಕಿ ಇತ್ತು. ಕೋಳಿಗಿಂತ ದೊಡ್ಡದು, ನವಿಲಿಗಿಂತ ಸಣ್ಣದು. ತಲೆಯ ಮೇಲೆ, ಕುತ್ತಿಗೆಯಲ್ಲಿ ಮಾಂಸದ ಜೋತು. ಸಿಟ್ಟು ಬಂದಾಗ ಅದು ಕೆಂಪಾಗುತ್ತದೆ, ಮತ್ತೆ ಬಿಳಿಯಾಗುತ್ತದೆ, ನೀಲಿಯಾಗುತ್ತದೆ. ನಾವು ಈಗ ಟರ್ಕಿ ಕೋಳಿ ಎನ್ನುವುದು ಇದನ್ನೇ. ಮೂಲ ಊರು ಅಮೆರಿಕ, ತಂದವರು ಪೋರ್ಚುಗೀಸರು, ಹೆಸರು ಮಾತ್ರ ಟರ್ಕಿಯದ್ದು!

ಬಾಬರ್ ಪ್ರಾಣಿಗಳ ಬಗ್ಗೆ ಬರೆದನಾದರೂ ಅವುಗಳ ಚಿತ್ರ ಬರೆಸಲಿಲ್ಲ, ಆದ್ದರಿಂದ ಓದಿದವರಿಗೆ ನಂಬಿಕೆ ಬರುವುದಿಲ್ಲ ಎಂಬುದು ಜಹಾಂಗೀರನ ಆಲೋಚನೆ. ತನ್ನ ಪುಸ್ತಕದಲ್ಲಿ ಬರಹದ ಜೊತೆ ಚಿತ್ರವೂ ಇರಲಿ ಎಂದು ಆಜ್ಞೆ ಮಾಡಿದ. ಟರ್ಕಿ ಕೋಳಿಯ ಚಿತ್ರ ಮನ್ಸೂರ್ ಬರೆದರು. ಈಗ ಅದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಉಂಟು. ಆ ಜೋತುಬಿದ್ದ ಮಾಂಸದ ಗಂಟು ಗಂಟನ್ನೂ ಬೇರೆ ಬೇರೆಯಾಗಿ ಬರೆದಿದ್ದಾರೆ. ಮೊದಲ ಬಾರಿಗೆ ಒಂದು ವಿಚಿತ್ರ ಹಕ್ಕಿಯನ್ನು ಕಂಡವನು ಸಾಮಾನ್ಯವಾಗಿ ಅದರ ವಿಚಿತ್ರವನ್ನು ಇನ್ನಷ್ಟು ದೊಡ್ಡದು ಮಾಡಿ ಬರೆಯುತ್ತಾನೆ. ಮನ್ಸೂರ್ ಹಾಗೆ ಮಾಡಲಿಲ್ಲ. ಇದ್ದದ್ದು ಇದ್ದ ಹಾಗೆ.

ಕೆಲಸ ಮಾಡುತ್ತಿದ್ದ ವಿಧಾನವನ್ನೂ ಸ್ವಲ್ಪ ಹೇಳಬೇಕು. ತೆಳು ಕಾಗದದ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ದಪ್ಪ ಮಾಡುವುದು, ನಯವಾದ ಕಲ್ಲಿನಿಂದ ಉಜ್ಜಿ ಹೊಳಪು ತರುವುದು. ಅಳಿಲಿನ ಬಾಲದ ಕೂದಲಿನಿಂದ ಕುಂಚ ಕಟ್ಟುವುದು. ಅತಿ ಸಣ್ಣ ಕುಂಚದ ತುದಿಯಲ್ಲಿ ಕೆಲವೇ ಕೂದಲು. ನೀಲಿ ಬಣ್ಣಕ್ಕೆ ಅಫ್ಘಾನಿಸ್ತಾನದ ಬದಖ್ಶಾನಿನಿಂದ ಬರುವ ಲಾಜವರ್ದ್ ಕಲ್ಲು, ಕಪ್ಪಿಗೆ ದೀಪದ ಮಸಿ, ಎಲ್ಲವನ್ನೂ ಅರೆದು ಮರದ ಗೋಂದಿನಲ್ಲಿ ಕಲಸುವುದು. ಬಣ್ಣ ತೆಳುವಾಗಿ ಪದರ ಪದರವಾಗಿ ಹಾಕಬೇಕು. ಒಂದು ಪದರ ಒಣಗಿದ ಮೇಲೆ ಚಿತ್ರವನ್ನು ಮಗುಚಿ ಅಮೃತಶಿಲೆಯ ಮೇಲಿಟ್ಟು ಹಿಂದಿನಿಂದ ಉಜ್ಜಿದರೆ ಬಣ್ಣ ಕಾಗದದೊಳಗೆ ಕೂತು ದಂತದ ಹಾಗೆ ಹೊಳೆಯುತ್ತದೆ. ಒಂದು ಹಕ್ಕಿಯ ಎದೆಯ ಮೇಲಿನ ಸಾವಿರಾರು ಸಣ್ಣ ಗರಿಗಳನ್ನು ಕೂದಲೆಳೆಯಷ್ಟು ಸಣ್ಣ ಗೆರೆಯಲ್ಲಿ ಬರೆಯಲು ಎಷ್ಟು ದಿನ ಬೇಕು? ಕಣ್ಣು ಹೋಗುವ ಕೆಲಸ ಅದು.

ಅವರು ಬರೆದ ಹಕ್ಕಿಗಳ ಹಿಂದೆ ಹೆಚ್ಚಾಗಿ ಏನೂ ಇರುವುದಿಲ್ಲ. ಖಾಲಿ ಜಾಗ, ಕೆಳಗೆ ಸ್ವಲ್ಪ ಹುಲ್ಲು, ಒಂದು ಕಲ್ಲು. ನಮ್ಮ ಗಮನ ಬೇರೆಲ್ಲೂ ಹೋಗಬಾರದು. ಇವತ್ತಿನ ಪಕ್ಷಿ ಪುಸ್ತಕಗಳಲ್ಲಿ ಹಕ್ಕಿಯನ್ನು ಪಕ್ಕದಿಂದ ತೋರಿಸಿ, ಕಾಲು, ಕೊಕ್ಕು, ರೆಕ್ಕೆಯ ಗುರುತುಗಳು ಸ್ಪಷ್ಟವಾಗಿ ಕಾಣುವ ಹಾಗೆ ಬರೆಯುತ್ತಾರಲ್ಲ, ಬಹುತೇಕ ಅದೇ ಕ್ರಮ. ಆ ಕ್ರಮವನ್ನು ಯಾರೂ ಅವರಿಗೆ ಕಲಿಸಿರಲಿಲ್ಲ. ಯುರೋಪಿನಿಂದ ಬಂದ ಅಚ್ಚಿನ ಚಿತ್ರಗಳನ್ನು ಆಸ್ಥಾನದ ಚಿತ್ರಕಾರರು ನೋಡಿದ್ದರು, ಅದರ ಪ್ರಭಾವ ಇದ್ದೀತು. ಆದರೆ ಕಣ್ಣು ಮಾತ್ರ ಅವರದ್ದೇ.

ಇಲ್ಲಿ ಒಂದು ಪ್ರಶ್ನೆ ನಮ್ಮ ಓದುಗರಲ್ಲಿ ಕೆಲವರಿಗಾದರೂ ಬರುತ್ತದೆ. ಜೀವಿಗಳ ಚಿತ್ರವನ್ನು ಗೋಡೆಗೆ ತೂಗುಹಾಕದ ಮನೆಗಳು ನಮ್ಮಲ್ಲಿ ಬಹಳ. ಹಾಗಾದರೆ ಮುಸ್ಲಿಂ ಬಾದಶಹನ ಅರಮನೆಯಲ್ಲಿ ಇದು ಹೇಗೆ? ಉಲಮಾಗಳಲ್ಲಿ ಈ ವಿಷಯದಲ್ಲಿ ಚರ್ಚೆ ಅಂದೂ ಇತ್ತು, ಇಂದೂ ಉಂಟು, ಅದನ್ನು ಇಲ್ಲಿ ತೀರ್ಮಾನಿಸುವುದು ಈ ಬರಹದ ಕೆಲಸವಲ್ಲ. ಒಂದು ಸಂಗತಿ ಮಾತ್ರ ಹೇಳಬಹುದು. ಮನ್ಸೂರ್ ಬರೆದ ಈ ಚಿತ್ರಗಳು ಗೋಡೆಯ ಅಲಂಕಾರಕ್ಕೆ ಬರೆದವಲ್ಲ. ಅವು ಪುಸ್ತಕದ ಹಾಳೆಗಳು. ಮುರಖ್ಖ ಎಂದು ಕರೆಯುವ ಆಲ್ಬಮ್‌ಗಳಲ್ಲಿ ಅಂದದ ಕೈಬರಹದ ಪುಟಗಳ ಜೊತೆ ಸೇರಿಸಿ ಕಟ್ಟಿ ಗ್ರಂಥಾಲಯದಲ್ಲಿ ಇಡುತ್ತಿದ್ದರು. ಮುಚ್ಚಿದರೆ ಪುಸ್ತಕ, ತೆರೆದರೆ ಚಿತ್ರ. ನ್ಯೂಯಾರ್ಕಿನ ರಣಹದ್ದುಗಳ ಹಾಳೆಯ ಹಿಂಬದಿಯಲ್ಲೂ ಮೀರ್ ಅಲಿ ಎಂಬ ಪ್ರಸಿದ್ಧ ಕೈಬರಹಗಾರರ ಪಾರ್ಸಿ ಬರಹ ಉಂಟು.

1618ರ ಹೊತ್ತಿಗೆ ಮನ್ಸೂರ್ ಹೆಸರು ಮೇಲೆ ಬಂದಿತ್ತು. ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಇಬ್ಬರು ಚಿತ್ರಕಾರರನ್ನು ಹೊಗಳಿದ. ಒಬ್ಬರು ಮನುಷ್ಯರ ಚಿತ್ರದಲ್ಲಿ ಎತ್ತಿದ ಕೈ ಎನಿಸಿದ ಅಬುಲ್ ಹಸನ್, ಅವರಿಗೆ ನಾದಿರುಝ್ಝಮಾನ್ ಎಂಬ ಬಿರುದು. ಇನ್ನೊಬ್ಬರು ಮನ್ಸೂರ್, ಅವರಿಗೆ ನಾದಿರುಲ್ ಅಸ್ರ್. ಎರಡರ ಅರ್ಥವೂ ಹೆಚ್ಚುಕಡಿಮೆ ಒಂದೇ, ಕಾಲದ ಅದ್ಭುತ, ಯುಗದ ಅಪೂರ್ವ ಎಂದು. ಚಿತ್ರ ನೋಡಿದ ಕೂಡಲೇ ಇದು ಯಾರ ಕೈ ಎಂದು ಹೇಳಬಲ್ಲೆ, ಒಂದೇ ಮುಖದಲ್ಲಿ ಕಣ್ಣು ಹುಬ್ಬು ಬೇರೆ ಬೇರೆಯವರು ಬರೆದಿದ್ದರೂ ಗುರುತಿಸಬಲ್ಲೆ ಎಂದು ಜಹಾಂಗೀರ್ ಜಂಬ ಕೊಚ್ಚಿಕೊಂಡದ್ದೂ ಉಂಟು. ಅಂತಹ ಕಣ್ಣಿನವನ ಮುಂದೆ ಕೆಲಸ ಒಪ್ಪಿಸುವುದು ಸುಲಭವಿರಲಿಕ್ಕಿಲ್ಲ.

ಬಿರುದು ಬಂದರೂ ಸಹಿ ಹಾಕುವಾಗ ಮನ್ಸೂರ್ ತನ್ನನ್ನು ಜಹಾಂಗೀರನ ಗುಲಾಮ ಎಂದೇ ಬರೆದುಕೊಳ್ಳುತ್ತಿದ್ದರು. ಅದು ಆಗಿನ ಆಸ್ಥಾನದ ಮರ್ಯಾದೆ. ಜೊತೆಗೆ ನಕ್ಕಾಶ್ ಎಂದೂ ಸೇರಿಸುತ್ತಿದ್ದರು, ಎಂದರೆ ಪುಸ್ತಕದ ಅಂಚಿಗೆ ಬಳ್ಳಿ ಹೂವಿನ ಅಲಂಕಾರ ಬರೆಯುವವನು. ಬಹುಶಃ ಅವರ ಮೊದಲ ಕಸುಬು ಅದೇ ಇರಬೇಕು. ಯುಗದ ಅದ್ಭುತ ಎನಿಸಿಕೊಂಡ ಮೇಲೂ ಹಳೆಯ ಕಸುಬಿನ ಹೆಸರನ್ನು ಬಿಡಲಿಲ್ಲ ಎಂಬುದು ನನಗೆ ಬಹಳ ಇಷ್ಟವಾದ ವಿಷಯ.

1619ರಲ್ಲಿ ಇರಾನಿನ ಶಾಹ್ ಅಬ್ಬಾಸ್ ಜಹಾಂಗೀರನಿಗೆ ಒಂದು ಅಪರೂಪದ ಬೇಟೆ ಗಿಡುಗವನ್ನು ಉಡುಗೊರೆ ಕಳುಹಿಸಿದ. ದಾರಿಯಲ್ಲಿ ನೋಡಿಕೊಳ್ಳುವವನ ಅಜಾಗ್ರತೆಯಿಂದ ಬೆಕ್ಕೊಂದು ಅದರ ಮೇಲೆ ಹಾರಿ ಗಾಯ ಮಾಡಿತು. ಹೇಗೋ ಆಸ್ಥಾನಕ್ಕೆ ತಲುಪಿಸಿದರು, ಆದರೆ ಒಂದು ವಾರಕ್ಕಿಂತ ಹೆಚ್ಚು ಬದುಕಲಿಲ್ಲ. ಅದರ ರೆಕ್ಕೆ, ಬೆನ್ನು, ಪಕ್ಕೆಯ ಮೇಲಿನ ಕಪ್ಪು ಗುರುತುಗಳ ಅಂದಕ್ಕೆ ಬಾದಶಹ ಮನಸೋತಿದ್ದ. ಮನ್ಸೂರರನ್ನು ಕರೆಸಿ ಅದರ ಚಿತ್ರ ಬರೆದಿಡಲು ಹೇಳಿದ. ಇವತ್ತಾದರೆ ಮೊಬೈಲಿನಲ್ಲಿ ಹತ್ತು ಫೋಟೋ ತೆಗೆದು ಮುಗಿಸುತ್ತಿದ್ದೆವು. ಅಂದು ಹಕ್ಕಿಯ ನೆನಪು ಉಳಿಯಬೇಕಾದರೆ ಇದ್ದದ್ದು ಒಬ್ಬ ಮನುಷ್ಯನ ಕೈ ಮಾತ್ರ.

ಮರುವರ್ಷ, 1620ರ ವಸಂತದಲ್ಲಿ, ಜಹಾಂಗೀರ್ ಕಾಶ್ಮೀರಕ್ಕೆ ಹೋದ. ಮನ್ಸೂರ್ ಜೊತೆಗಿದ್ದರು. ಅವರ ಬದುಕಿನ ಅತ್ಯಂತ ತುಂಬಿದ ತಿಂಗಳುಗಳು ಇವೇ ಇರಬೇಕು. ಕಣಿವೆಯಲ್ಲಿ ಹೂವರಳಿದ ಕಾಲ. ಮನ್ಸೂರ್ ಅಲ್ಲಿ ಬರೆದ ಹೂವುಗಳು ನೂರಕ್ಕಿಂತ ಹೆಚ್ಚು ಎಂದು ಬಾದಶಹ ಬರೆದಿದ್ದಾನೆ. ನೂರರಲ್ಲಿ ಇಂದು ಉಳಿದಿರುವುದು ತೀರಾ ಕೆಲವು. ಅವುಗಳಲ್ಲಿ ಒಂದು ಕೆಂಪು ಟ್ಯುಲಿಪ್, ಅದರ ಮೇಲೆ ಒಂದು ಚಿಟ್ಟೆ. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಮೌಲಾನಾ ಆಝಾದ್ ಗ್ರಂಥಾಲಯದಲ್ಲಿ ಅದಿದೆ. ಅಲ್ಲಿ ಓದಲು ಹೋಗುವ ನಮ್ಮ ಮಕ್ಕಳು ಅವಕಾಶ ಸಿಕ್ಕಿದರೆ ವಿಚಾರಿಸಬೇಕು.

ಅದೇ ಪ್ರವಾಸದಲ್ಲಿ ಒಂದು ಜಲಪಾತದ ಹತ್ತಿರ ಜಹಾಂಗೀರ್ ಒಂದು ಸಣ್ಣ ಹಕ್ಕಿಯನ್ನು ಕಂಡ. ಅದು ರಭಸದ ನೀರಿನೊಳಗೆ ಮುಳುಗಿ, ಬಹಳ ಹೊತ್ತು ಒಳಗೇ ಇದ್ದು, ಬೇರೊಂದು ಕಡೆಯಿಂದ ಮೇಲೆ ಬರುತ್ತಿತ್ತು. ಇದು ನೀರು ಹಕ್ಕಿಯೋ ನೆಲದ ಹಕ್ಕಿಯೋ? ನೀರು ಹಕ್ಕಿಯಾದರೆ ಬಾತುಕೋಳಿಯ ಹಾಗೆ ಬೆರಳುಗಳ ನಡುವೆ ಚರ್ಮವಿರಬೇಕು. ನೋಡಿ ತೀರ್ಮಾನಿಸಲು ಎರಡು ಮೂರು ಹಕ್ಕಿ ಹಿಡಿದು ತರಲು ಹೇಳಿದ. ಎರಡು ಸಿಕ್ಕಿದವು. ಒಂದು ಆಗಲೇ ಸತ್ತಿತು, ಇನ್ನೊಂದು ಒಂದು ದಿನ ಬದುಕಿತ್ತು. ಕಾಲು ನೋಡಿದರೆ ಬೆರಳುಗಳು ಬಿಡಿ ಬಿಡಿ, ಚರ್ಮವಿಲ್ಲ. ಮನ್ಸೂರ್ ಅದನ್ನು ಬರೆದರು. ಇದು ಡಿಪ್ಪರ್ ಎಂಬ ಹಕ್ಕಿ. ಕಾಲಿನಲ್ಲಿ ಪೊರೆ ಇಲ್ಲದಿದ್ದರೂ ನೀರಿನೊಳಗೆ ಈಜಿ, ತಳದ ಕಲ್ಲುಗಳ ಮೇಲೆ ನಡೆದು ಹುಳ ಹುಡುಕುವ ಹಾಡುಹಕ್ಕಿ ಎಂದು ಇಂದಿನ ವಿಜ್ಞಾನವೂ ಹೇಳುತ್ತದೆ.

ಈ ಪ್ರಸಂಗವನ್ನು ಓದಿದಾಗ ನನಗನಿಸುವುದು ಇಷ್ಟು. ಪ್ರಶ್ನೆ ಕೇಳಿದ್ದು ಬಾದಶಹ, ಬರೆದಿಟ್ಟದ್ದು ಬಾದಶಹ, ಆದ್ದರಿಂದ ಪ್ರಕೃತಿ ವಿಜ್ಞಾನಿ ಎಂಬ ಹೆಸರು ಅವನಿಗೇ ಹೋಗುತ್ತದೆ. ಆದರೆ ಸಾಯುತ್ತಿರುವ ಆ ಹಕ್ಕಿಯ ಪಕ್ಕ ಕುಳಿತು ಬೆರಳಿನಿಂದ ಬೆರಳಿಗೆ, ಗರಿಯಿಂದ ಗರಿಗೆ ನೋಡಿದವರು ಮನ್ಸೂರ್. ನೋಡುವುದೇ ಆ ವಿಜ್ಞಾನದ ಅರ್ಧ ಕೆಲಸ. ಆ ಅರ್ಧಕ್ಕೆ ಹೆಸರು ಸಿಗಬೇಡವೇ?

1621ರಲ್ಲಿ ಅಬಿಸೀನಿಯಾ ಕಡೆಯಿಂದ ಒಂದು ಜೀಬ್ರಾ ಬಂತು. ಮೈಮೇಲಿನ ಪಟ್ಟೆ ನೋಡಿ ಯಾರೋ ಬಣ್ಣ ಬಳಿದು ಮೋಸ ಮಾಡಿದ್ದಾರೆ ಎಂದು ಕೆಲವರಿಗೆ ಸಂಶಯ. ಚೆನ್ನಾಗಿ ಪರೀಕ್ಷಿಸಿದ ಮೇಲೆಯೇ ಸೃಷ್ಟಿಕರ್ತನು ಅದನ್ನು ಹಾಗೇ ಮಾಡಿದ್ದಾನೆ ಎಂದು ಒಪ್ಪಿದ್ದು. ಮನ್ಸೂರ್ ಬರೆದ ಆ ಜೀಬ್ರಾ ಚಿತ್ರದ ಮೇಲೆ ಜಹಾಂಗೀರನ ಸ್ವಂತ ಕೈಬರಹ ಉಂಟು. ಪ್ರಾಣಿಯನ್ನು ಮಾತ್ರ ಆತ ಇರಾನಿನ ಶಾಹನಿಗೆ ಉಡುಗೊರೆಯಾಗಿ ಕಳುಹಿಸಿಬಿಟ್ಟ.

ನಮ್ಮ ಕಡೆಯ ಹಕ್ಕಿಯೂ ಅವರ ಕೈಯಲ್ಲಿ ಸಿಕ್ಕಿದೆ. ಚಾರ್ಮಾಡಿ, ಆಗುಂಬೆ ಕಡೆಯ ಕಾಡಿನಲ್ಲಿ ರೆಕ್ಕೆಯ ಸದ್ದು ಮಾಡುತ್ತ ಹಾರುವ ದೊಡ್ಡ ಮಂಗಟ್ಟೆಯನ್ನು ನೀವು ಕಂಡಿರಬಹುದು, ಕೊಕ್ಕಿನ ಮೇಲೆ ಹಳದಿ ಟೊಪ್ಪಿಯಂತಹದ್ದು ಇಟ್ಟುಕೊಂಡ ಹಕ್ಕಿ. ಅದರದ್ದೂ ಒಂದು ಚಿತ್ರ ಅದೇ ನ್ಯೂಯಾರ್ಕಿನ ಮ್ಯೂಸಿಯಂನಲ್ಲಿ ಮನ್ಸೂರ್ ಹೆಸರಿನಲ್ಲಿ ಇದೆ. ಹಿಮಾಲಯದ ಬುಡದಲ್ಲೂ ಈ ಹಕ್ಕಿ ಇರುವುದರಿಂದ ಅಲ್ಲಿನದ್ದೇ ಆಸ್ಥಾನಕ್ಕೆ ಬಂದಿರಬಹುದು.

ಕೋಲ್ಕತಾದ ಇಂಡಿಯನ್ ಮ್ಯೂಸಿಯಂನಲ್ಲಿ ಎರಡು ಚಿತ್ರಗಳಿವೆ. ಒಂದು ಸೈಬೀರಿಯಾದ ಬಿಳಿ ಕೊಕ್ಕರೆ, ಇನ್ನೊಂದು ಬಂಗಾಳ ಫ್ಲೋರಿಕನ್ ಎಂಬ ಹುಲ್ಲುಗಾವಲಿನ ಹಕ್ಕಿ. ಸೈಬೀರಿಯಾ ಕೊಕ್ಕರೆಗೆ ವಿಜ್ಞಾನದ ಹೆಸರು ಬಿದ್ದದ್ದು 1773ರಲ್ಲಿ, ಫ್ಲೋರಿಕನ್‌ಗೆ 1789ರಲ್ಲಿ. ಮನ್ಸೂರ್ ಅವನ್ನು ಅದಕ್ಕಿಂತ ನೂರೈವತ್ತು ವರ್ಷ ಮೊದಲೇ ಬರೆದು ಮುಗಿಸಿದ್ದರು. ಕೊಕ್ಕರೆಯ ಕಾಲಿನ ಮೇಲಿನ ಸುಕ್ಕು ಗೆರೆಗಳನ್ನೂ ಬಿಟ್ಟಿಲ್ಲ. ರಾಜಸ್ಥಾನದ ಭರತಪುರಕ್ಕೆ ಪ್ರತಿ ಚಳಿಗಾಲದಲ್ಲಿ ಸೈಬೀರಿಯಾದಿಂದ ಸಾವಿರಾರು ಮೈಲಿ ಹಾರಿ ಬರುತ್ತಿದ್ದ ಆ ಕೊಕ್ಕರೆ 2002ರ ನಂತರ ಅಲ್ಲಿಗೆ ಬಂದಿಲ್ಲ. ಫ್ಲೋರಿಕನ್ ಕೂಡ ಅಳಿವಿನ ಅಂಚಿನಲ್ಲಿದೆ.

1627ರಲ್ಲಿ ಕಾಶ್ಮೀರದಿಂದ ಲಾಹೋರಿಗೆ ಮರಳುವ ದಾರಿಯಲ್ಲಿ ಜಹಾಂಗೀರ್ ತೀರಿಕೊಂಡ. ಮನ್ಸೂರ್ ಕಥೆಯೂ ಅಲ್ಲಿಗೆ ಕಾಣೆಯಾಗುತ್ತದೆ. ಮುಂದೆ ಬಂದ ಶಾಹ್‌ಜಹಾನನಿಗೆ ಕಟ್ಟಡ, ರತ್ನ, ದರ್ಬಾರಿನ ಠೀವಿ ಇವುಗಳಲ್ಲಿ ಮನಸ್ಸು. ಮನ್ಸೂರ್ ಎಂದು ಸತ್ತರು, ಅವರ ಕಬರ್ ಎಲ್ಲಿ, ಯಾವ ದಾಖಲೆಯೂ ಇಲ್ಲ. ತಾಜ್‌ಮಹಲ್ ಕಟ್ಟಿಸಿದವನ ಆಲ್ಬಮ್‌ನಲ್ಲಿ ಅವರ ರಣಹದ್ದು, ಮಂಗಟ್ಟೆಗಳು ಸೇರಿಕೊಂಡು, ಸುತ್ತ ಚಿನ್ನದ ಹೂವಿನ ಅಂಚು ಪಡೆದವು ಎಂಬುದಷ್ಟೇ ಗೊತ್ತು.

ಚಿತ್ರಗಳ ಪಾಡು ಆಮೇಲೆ ಕೇಳಬೇಡಿ. 1739ರಲ್ಲಿ ನಾದಿರ್ ಶಾಹ್ ದಿಲ್ಲಿಯನ್ನು ಲೂಟಿ ಮಾಡಿದ. 1857ರ ನಂತರ ಉಳಿದದ್ದೂ ಚದುರಿತು. ಆಲ್ಬಮ್‌ಗಳನ್ನು ಬಿಚ್ಚಿ ಹಾಳೆ ಹಾಳೆಯಾಗಿ ಮಾರಿದರು. 19ನೇ ಶತಮಾನದಲ್ಲಿ ಅವರ ಚಿತ್ರಗಳ ನಕಲು ಮಾಡಿ ಅವರ ಹೆಸರು ಬರೆದು ಮಾರಿದವರೂ ಇದ್ದಾರೆ. ಆದ್ದರಿಂದ ಅವರ ಹೆಸರಿರುವ ಚಿತ್ರಗಳೆಲ್ಲ ಅವರದ್ದಲ್ಲ, ಅವರು ಬರೆದ ಚಿತ್ರಗಳಲ್ಲೆಲ್ಲ ಅವರ ಹೆಸರೂ ಇಲ್ಲ. ರಣಹದ್ದು ಇರುವ ಆಲ್ಬಮ್ 1929ರಲ್ಲಿ ಸ್ಕಾಟ್ಲೆಂಡಿನ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು ಎಂದರೆ ಎಷ್ಟು ದೂರ ಅಲೆದಿರಬಹುದು!

ಮನ್ಸೂರ್ ಕಾಲದ ಈ ಕೆಲಸವನ್ನು ನಮ್ಮ ದೇಶದ ಪಕ್ಷಿ ವಿಜ್ಞಾನಿಗಳಿಗೆ ಮತ್ತೆ ನೆನಪಿಸಿದವರಲ್ಲಿ ಸಲೀಂ ಅಲಿ ಒಬ್ಬರು. ಮೊಗಲ್ ಬಾದಶಹರ ಪ್ರಕೃತಿ ವೀಕ್ಷಣೆ ಮತ್ತು ಬೇಟೆಯ ಬಗ್ಗೆ ಅವರು 1927-28ರಲ್ಲೇ ಮುಂಬೈಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದಿದ್ದರು. ಅದಾಗಿ ಹತ್ತು ಹನ್ನೆರಡು ವರ್ಷಕ್ಕೆ ಅವರೇ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದರು. ಕಾವೇರಿಯ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದು ಅವರ ಮಾತಿನಿಂದಲೇ.

ಕೊನೆಯದಾಗಿ ಡೋಡೋ ಹಕ್ಕಿಯ ವಿಷಯ. ಹಿಂದೂ ಮಹಾಸಾಗರದ ಮಾರಿಷಸ್ ದ್ವೀಪದಲ್ಲಿ ಮಾತ್ರ ಇದ್ದ, ಹಾರಲಾರದ ದೊಡ್ಡ ಹಕ್ಕಿ ಅದು. ಹಡಗಿನವರು ಬಂದಿಳಿದ ಮೇಲೆ ನೂರು ವರ್ಷದೊಳಗೆ ನಾಶವಾಯಿತು. 1662ರ ನಂತರ ಅದನ್ನು ಕಂಡವರಿಲ್ಲ ಎಂದು ಹೆಚ್ಚಿನವರು ಒಪ್ಪುತ್ತಾರೆ. ಯುರೋಪಿನ ಚಿತ್ರಕಾರರು ಬರೆದ ಡೋಡೋ ಕೊಬ್ಬಿ ಉಬ್ಬಿದ, ನಗು ಬರಿಸುವ ಹಕ್ಕಿ. ಇಂಗ್ಲೆಂಡಿನ ಪ್ರವಾಸಿ ಪೀಟರ್ ಮಂಡಿ ಸೂರತ್‌ನಲ್ಲಿ ಎರಡು ಡೋಡೋಗಳನ್ನು ಕಂಡದ್ದಾಗಿ ಬರೆದಿದ್ದಾನೆ. ಅಂದರೆ ಆ ಹಕ್ಕಿ ಹಡಗೇರಿ ಹಿಂದೂಸ್ತಾನದ ಬಂದರಿಗೂ ಬಂದಿತ್ತು.

ರಷ್ಯಾದ ಹರ್ಮಿಟಾಜ್ ಮ್ಯೂಸಿಯಂನಲ್ಲಿದ್ದ ಒಂದು ಮೊಗಲ್ ಚಿತ್ರವನ್ನು 1950ರ ದಶಕದಲ್ಲಿ ವಿಜ್ಞಾನಿಯೊಬ್ಬರು ಗಮನಿಸಿದರು. ಐದು ಬಗೆಯ ಹಕ್ಕಿಗಳು ಅದರಲ್ಲಿವೆ. ಮೂಲೆಗಳಲ್ಲಿ ಸಣ್ಣ ಗಿಳಿ, ಹಿಮಾಲಯದ ಟ್ರಗೊಪಾನ್ ಕೋಳಿ, ತಲೆಯ ಮೇಲೆ ಪಟ್ಟೆಯಿರುವ ಹೆಬ್ಬಾತು, ಬಣ್ಣದ ಗೌಜಲಕ್ಕಿ. ನಡುವೆ ಕಂದು ಬಣ್ಣದ ಡೋಡೋ, ಸಪೂರ ಮೈ, ನೆಟ್ಟಗೆ ನಿಂತಿದೆ. ಸುತ್ತಲಿನ ನಾಲ್ಕೂ ಹಕ್ಕಿಗಳು ಇಂದೂ ಬದುಕಿವೆ, ಪಕ್ಕದಲ್ಲಿಟ್ಟು ನೋಡಿದರೆ ಅವುಗಳ ಬಣ್ಣ, ಅಳತೆ ಸರಿಯಾಗಿದೆ. ಹಾಗಿದ್ದಮೇಲೆ ನಡುವಿನ ಹಕ್ಕಿಯನ್ನೂ ಅದೇ ಕಣ್ಣು ಸರಿಯಾಗಿಯೇ ಕಂಡಿರಬೇಕು ಎಂಬುದು ವಿಜ್ಞಾನಿಗಳ ವಾದ. ಚಿತ್ರ ಸುಮಾರು 1625ರದ್ದು. ಅದರ ಮೇಲೆ ಸಹಿ ಇಲ್ಲ, ಕೈ ಮನ್ಸೂರ್ ಅವರದ್ದು ಎಂದು ತಿಳಿದವರು ಹೇಳುತ್ತಾರೆ. ಬದುಕಿದ್ದ ಡೋಡೋ ಯಾವ ಬಣ್ಣದ್ದಿತ್ತು ಎಂದು ಇವತ್ತು ತಿಳಿಯಬೇಕಾದವರು ಆ ಹಾಳೆಯನ್ನು ತೆರೆದು ನೋಡುತ್ತಾರೆ.